ಹೊಳೆಯ ನಡುವೆ ಹುಟ್ಟು ಬಿಟ್ಟವಳು

ತುಂಗಭದ್ರೆಯ ದಂಡೆಯಲ್ಲಿ ಹುಲಿಗೆಮ್ಮ ಎಂಬ ಹುಡುಗಿಯಿದ್ದಳು. ಅಪ್ಪನ ಜೊತೆ ಹರಿಗೋಲು ನಡೆಸುತ್ತಲೇ ಬೆಳೆದವಳು. ಪ್ರವಾಹದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ರಕ್ಷಣಾ ದಳಕ್ಕೆ ಸೇರಬೇಕೆಂಬುದು ಅವಳ ಚಿಕ್ಕಂದಿನ ಕನಸು. ಪರೀಕ್ಷೆಯಲ್ಲಿ ಸೋತು, ಅತ್ತು, ಮತ್ತೆ ಹೋಗಿ ಕೊನೆಗೂ ಆಯ್ಕೆಯಾದಳು.

ಅದೇ ಹೊತ್ತಿಗೆ ಮದುವೆಯೂ ಗೊತ್ತಾಯಿತು. ಹುಡುಗ ಆಚೆ ದಂಡೆಯ ಯಮನೂರಪ್ಪ, ಶಾಲೆಯ ಮಾಸ್ತರ. ಒಳ್ಳೆಯವನು. ಹುಲಿಗೆಮ್ಮನಿಗೂ ಅವನೆಂದರೆ ಪ್ರಾಣ. ಆದರೆ ಯಾರೋ ಗೆಳೆಯರು ಅವನ ತಲೆಯಲ್ಲಿ ಹುಳ ಬಿಟ್ಟಿದ್ದರು. ಒಳ್ಳೆಯವರ ತಲೆಯಲ್ಲಿ ಹುಳ ಬಿಡುವುದು ಬಲು ಸುಲಭ ನೋಡಿ!

ನಿಶ್ಚಯ ಮುಗಿಸಿ ಯಮನೂರಪ್ಪ ಮತ್ತು ಅವನ ತಾಯಿ ಫಕೀರವ್ವ ಊರಿಗೆ ಹೊರಟರು. ಹರಿಗೋಲು ನಡೆಸಿದವಳು ಹುಲಿಗೆಮ್ಮನೇ. ಸ್ವಲ್ಪ ದೂರ ಹೋದ ಮೇಲೆ ಅವನು ಗಂಟಲು ಸರಿಮಾಡಿಕೊಂಡ.

“ಹುಲಿಗೆಮ್ಮ, ಆ ದಳಾ ಗಿಳಾ ಎಲ್ಲಾ ಬ್ಯಾಡ. ನನ್ನ ಹೆಂಡ್ತಿ ಗಂಡಸರ ಜೊತಿ ಹೊಳಿಗೆ ಇಳಿದ್ರ ಮಂದಿ ಏನಂತಾರ? ಮದುವ್ಯಾದ ಮ್ಯಾಲೆ ನೀ ಹುಟ್ಟು ಮುಟ್ಟಬ್ಯಾಡ.”

ಹುಲಿಗೆಮ್ಮನಿಗೆ ಒಂದು ಕಡೆ ಕನಸು, ಇನ್ನೊಂದು ಕಡೆ ಮೆಚ್ಚಿದ ಹುಡುಗ. ಅಳು ಒತ್ತರಿಸಿ ಬಂತು. ಆದರೂ ಅವಳು ಹುಟ್ಟು ಹಾಕುತ್ತಲೇ ಹೋದಳು. ಸೊಂಟದುದ್ದ ನೀರಿರುವ, ಸೆಳೆತವಿಲ್ಲದ ಜಾಗ ಬಂದೊಡನೆ ಹುಟ್ಟನ್ನು ಅವನ ಕೈಗಿಟ್ಟಳು.

“ಮದುವಿ ತನಕ ಯಾಕ ಕಾಯೋದು? ಈಗ್ಲೇ ಬಿಟ್ಟೆ. ತಗೋರಿ.”

ಹರಿಗೋಲು ಗುಂಡಗಿನ ಬುಟ್ಟಿ. ಗೊತ್ತಿಲ್ಲದವರ ಕೈಗೆ ಸಿಕ್ಕರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ಮಾಸ್ತರ ಎಡಕ್ಕೆ ಹಾಕಿದ, ಬಲಕ್ಕೆ ಹಾಕಿದ, ಬೆವತುಹೋದ. ದಡ ಮಾತ್ರ ಹತ್ತಿರ ಬರಲಿಲ್ಲ.

ಫಕೀರವ್ವನಿಗೆ ತಲೆ ಸುತ್ತಿ ಸಿಟ್ಟು ಬಂತು. “ಕೊಡೋ ಅದನ್ನ ಆಕಿ ಕೈಗೆ! ಹ್ವಾದ ಮಳಿಗಾಲದಾಗ, ಸೊಕ್ಕಿದ ಹೊಳಿಯಾಗ ಬಸುರಿ ಹೆಂಗಸನ್ನ ಈಕಿ ದಾಟಿಸಿದ್ದು ನೋಡಿದವ ನೀನು. ಮಾಡ್ಕೊಂಡ್ರ ಇಂಥಾಕಿನ್ನ ಮಾಡ್ಕೋಬೇಕು ಅಂತ ಅನ್ನ ನೀರು ಬಿಟ್ಟು ಕುಂತಿದ್ದೆಲ್ಲೋ! ಈಗ ಅದನ್ನ ಬಿಡು ಅಂತೀಯಲ್ಲ, ಬುದ್ಧಿ ಐತೇನು ನಿನಗ?”

ಯಮನೂರಪ್ಪ ತಲೆ ತಗ್ಗಿಸಿದ. ಹುಲಿಗೆಮ್ಮ ಅವನ ಮುಖ ನೋಡಿಯೇ ಹೇಳಿದಳು: “ನಿಮ್ಮನ್ನ ಬಿಡಾಕ ನನಗ ಮನಸಿಲ್ರಿ. ಆದ್ರ ಎರಡರಾಗ ಒಂದು ಬಿಡು ಅಂದ್ರ, ನಾ ಬಿಡೋದು ಈ ಕೆಲಸನ್ನಲ್ಲ.”

ಯಮನೂರಪ್ಪ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. “ತಪ್ಪಾತು. ದಳಕ್ಕ ಸೇರು. ಆದ್ರ ಮೊದಲು ನಮ್ಮವ್ವನ್ನ ದಡಕ್ಕ ಮುಟ್ಟಿಸು.”

ಹುಲಿಗೆಮ್ಮ ಮುಂದಿನ ತಿಂಗಳು ಕೆಲಸಕ್ಕೆ ಸೇರಿದಳು. ಅದಾದ ಮೇಲೆ ಮದುವೆಯಾದಳು.

ನೀತಿ: ಯಾವುದನ್ನು ಮೆಚ್ಚಿ ಒಬ್ಬರ ಕೈಹಿಡಿಯುತ್ತೀರೋ, ಕೈಹಿಡಿದ ಮೇಲೆ ಅದನ್ನೇ ಬಿಡಿಸಲು ಹೋಗಬೇಡಿ. ಬಿಡು ಎಂದು ನಿಮಗೆ ಯಾರಾದರೂ ಹೇಳಿದರೆ, ನಿಮ್ಮ ಮನಸ್ಸಿನಲ್ಲಿರುವುದನ್ನು ತಾಳಿಗೆ ಮೊದಲೇ ಬಾಯಿಬಿಟ್ಟು ಹೇಳಿ.