ಕೆರೆಯ ಕಾಗದ ಸಾರಿದ್ದು

ಕೇಂದ್ರ ಸರ್ಕಾರದ ಅಧಿಸೂಚನೆಯನ್ನು ತಾಲ್ಲೂಕು ಕಚೇರಿಯಿಂದ ಚಾವಡಿಗೆ ಬಂದಿದ್ದ ಸಾಹೇಬರು ಕಚೇರಿ ಕನ್ನಡದಲ್ಲಿ ಪಟಪಟನೆ ಓದಿದಾಗ, ಡಂಗುರ ಸಾರುವ ತಳವಾರ ಹಾಲಪ್ಪನಿಗೆ ತಿಳಿದದ್ದು ‘ಕೆರೆ’ ಎಂಬ ಒಂದೇ ಮಾತು. ಅಷ್ಟಕ್ಕೇ ಅವನು ಒಂದು ಹೆಜ್ಜೆ ಮುಂದೆ ಬಂದ. ಊರಿನ ದನಗಳೆಲ್ಲ ನೀರು ಕುಡಿಯುವುದು ಆ ಕೆರೆಯಲ್ಲೇ.

“ಹಂಗಂದ್ರ ಏನ್ರಿ ಸಾಹೇಬ್ರ?”

“ಅದೆಲ್ಲ ನಿನಗ್ಯಾಕೆ? ಜನಕ್ಕೆ ತಿಳಿದರೆ ತಕರಾರು ತೆಗೀತಾರೆ. ನಾನು ಹೇಳಿದ್ದನ್ನ ಹಾಗೇ ಸಾರು. ಒಂದಕ್ಷರ ತಪ್ಪಿದರೂ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ!”

ಹಾಲಪ್ಪ ಚಾವಡಿಯ ಮುಂದೆ ಬಂದು ನಿಂತ. ಹಲಗೆ ಬಾರಿಸಿ ಕೂಗಿದ:

“ಕೇಳ್ರಪ್ಪೋ ಕೇಳ್ರಿ! ಕೆರೀ ವಿಚಾರ ಕಾಗದ ಬಂದೈತಿ! ಜನಕ್ಕೆ ತಿಳಿದರೆ ತಕರಾರು ತೆಗೀತಾರೆ ಅಂತ ಸಾಹೇಬ್ರು ಹೇಳ್ಯಾರ!”

ಯಾವ ಡಂಗುರಕ್ಕೂ ತಲೆಯೆತ್ತದ ಊರು ಚಾವಡಿಗೆ ಓಡಿಬಂತು. ಕುಡುಗೋಲು ಹಿಡಿದವರು ಹಿಡಿದುಕೊಂಡೇ ಬಂದರು. ಸಾಹೇಬರು ಗೋಡೆಗೆ ಅಂಟಿಕೊಂಡು ತೊದಲಿದರು:

“ಕೆರೆಗೆ ಬೇಲಿ ಹಾಕಬೇಕು ಅಂತಿದೆ, ಅಷ್ಟೇ. ಇನ್ನೂ ತೀರ್ಮಾನ ಆಗಿಲ್ಲ. ಬೇಡ ಅನ್ನೋರು ಇವತ್ತೇ ನನಗೆ ಬರೆದುಕೊಡಬಹುದು...”

ಹಾಲಪ್ಪ ಹಲಗೆ ಹೆಗಲಿಗೇರಿಸಿ ಮುಂದಿನ ಓಣಿಗೆ ಹೊರಟ.

“ಎಲ್ಲಿಗೋ?” ಸಾಹೇಬರು ಕಿರುಚಿದರು.

“ನೀವು ಈಗ ಹೇಳಿದ್ದನ್ನ ಸಾರಾಕ್ರಿ. ಒಂದಕ್ಷರ ತಪ್ಪಿದ್ರ ನನ್ನ ಕೆಲಸ ಹೋಗತೈತಿ!”