ಇಕ್ಕಳದ ಮೊಂಡು ಹಲ್ಲು

ಸ್ವಲ್ಪ ಹತ್ತಿರ ಸರಿದು ಕೂತುಕೊಳ್ಳಿ. ಗಟ್ಟಿಯಾಗಿ ಹೇಳುವ ಮಾತಲ್ಲ ಇದು. ಕೇಳಿದ್ದನ್ನು ಇಲ್ಲೇ ಬಿಟ್ಟು ಏಳಬೇಕು, ಸೆರಗಿಗೆ ಗಂಟು ಹಾಕಿಕೊಂಡು ಹೋಗಬಾರದು. ಯಾರಾದರೂ ಏನು ಮಾತು ಅಂತ ಕೇಳಿದರೆ, ಸಾರಿಗೆ ಹುಳಿ ಜಾಸ್ತಿ ಆಗಿತ್ತಂತೆ ಅನ್ನಿ. ಆಣೆ ತಾನೆ? ಸರಿ.

ಹೊಳೆಯ ದಡದಲ್ಲಿ ಹೊಂಬಾಳಯ್ಯನ ಆಶ್ರಮ. ಆಶ್ರಮ ಅಂದರೆ ಏನು, ಒಂದು ಸೋಗೆ ಗುಡಿಸಲು, ಒಂದು ಹೊಂಗೆ ಮರ, ಮರದ ಬುಡದಲ್ಲಿ ದನ ಕಟ್ಟುವ ಗೂಟ. ಜನ ಅಲ್ಲಿಗೆ ಬುದ್ಧಿ ಕೇಳುವುದಕ್ಕೂ ಬರುತ್ತಿದ್ದರು, ದನ ಹಿಡಿದುಕೊಂಡೂ ಬರುತ್ತಿದ್ದರು. ಅಯ್ಯ ದನವನ್ನು ಮೊದಲು ನೋಡುತ್ತಿದ್ದ.

ಬೇಲಿಯಾಚೆ ಚಿಕ್ಕತಾಯಮ್ಮನ ಮನೆ. ಆ ಬೇಲಿಯಲ್ಲೊಂದು ತೂತು. ಸರಿಯಾಗಿ ಚಿಕ್ಕತಾಯಮ್ಮನ ಕಣ್ಣಿನ ಎತ್ತರಕ್ಕೆ. ತಾನಾಗಿಯೇ ಬಿದ್ದ ತೂತು ಅದು ಎಂದು ಅವಳು ಹೇಳುತ್ತಾಳೆ. ನಂಬುವವರು ನಂಬಲಿ.

ಬೆಳಗಿನ ಮಂಜಿನಲ್ಲಿ ಆ ತೂತಿಗೆ ಕಣ್ಣಿಟ್ಟರೆ, ಆಚೆ ನಡೆಯುವುದೆಲ್ಲ ನೀರಿನೊಳಗೆ ನಡೆಯುತ್ತಿದೆಯೇನೋ ಅನ್ನಿಸುತ್ತಿತ್ತು. ದನಗಳು ಸದ್ದಿಲ್ಲದೆ ಬರುತ್ತಿದ್ದವು. ಅಯ್ಯನ ಕೈ ತೇಲಿದಂತೆ ಆಡುತ್ತಿತ್ತು. ಎಲ್ಲೋ ಒಂದು ಗಂಟೆ ಅಲುಗುತ್ತಿತ್ತು, ಅದು ಯಾವ ಕೊರಳಿನದೋ ತಿಳಿಯುತ್ತಿರಲಿಲ್ಲ.

ಶಿಷ್ಯ ಜವರಯ್ಯ ಬಂದದ್ದನ್ನೂ ಅವಳು ಅಲ್ಲಿಂದಲೇ ನೋಡಿದ್ದಳು. ಊರೂರು ತಿರುಗಿ ಚೂರಿ, ಕತ್ತರಿ, ಮಚ್ಚು ಸಾಣೆ ಹಿಡಿಯುತ್ತಿದ್ದವನು. ಸಾಣೆಯ ಚಕ್ರ ಕೆಳಗಿಟ್ಟು ಅಡ್ಡಬಿದ್ದ.

"ಅಯ್ಯ, ಕಂಡವರ ಮಚ್ಚೆಲ್ಲ ಹರಿತ ಮಾಡಿದೆ. ನನ್ನ ಬುದ್ಧಿ ಮಾತ್ರ ಹಾಗೇ ಉಳೀತು. ಅದಕ್ಕೊಂದು ಸಾಣೆ ಹಿಡಿದುಕೊಡಿ."

"ಆ ಹಸುವಿನ ಹಗ್ಗ ಹಿಡಿ," ಅಂದ ಅಯ್ಯ.

ಅವತ್ತು ಹಿಡಿದ ಹಗ್ಗವನ್ನು ಅವನು ಇನ್ನೂ ಬಿಟ್ಟಿರಲಿಲ್ಲ.

ಅಯ್ಯನ ಹತ್ತಿರ ಇದ್ದದ್ದು ಒಂದೇ ಒಂದು ಇಕ್ಕಳ. ಯಾವ ಕುಲುಮೆಯಲ್ಲಿ ಹುಟ್ಟಿತೋ, ಒಂದು ಇಕ್ಕಳದೊಳಗೆ ಹತ್ತು ಕೆಲಸ. ಎಣ್ಣೆಬಟ್ಟೆಯಲ್ಲಿ ಸುತ್ತಿ ಮಗುವಿನ ಹಾಗೆ ಇಟ್ಟುಕೊಂಡಿದ್ದ.

"ಇದನ್ನ ಯಾವಾಗ ನನ್ನ ಕೈಗೆ ಕೊಡ್ತೀರಿ ಅಯ್ಯ?"

"ಇದರಲ್ಲಿ ಏನೇನಿದೆ, ಹೇಳು."

"ಈ ಬಾಯಿ ಗೊರಸು ಕತ್ತರಿಸೋದಕ್ಕೆ. ಈ ಅಂಚು ಕೊಂಬಿನ ತುದಿ ಸವರೋದಕ್ಕೆ. ಈ ಸಂದು ಮುಳ್ಳು ಕೀಳೋದಕ್ಕೆ. ಈ ಮೊನೆ ಕಿವಿ ಚುಚ್ಚೋದಕ್ಕೆ. ಒಳಗಡೆ ಈ ದವಡೆ ಹೋರಿಗೆ ಬೀಜ ಒಡೆಯೋದಕ್ಕೆ."

"ಹಿಡಿಯ ತುದೀಲಿ?"

ಹಿಡಿಯ ತುದಿಯಲ್ಲಿ ಹೆಬ್ಬೆರಳ ಗಾತ್ರದ ಮೊಂಡು ಹಲ್ಲೊಂದಿತ್ತು.

"ಅದು ಸವೆದುಹೋಗಿದೆ ಅಯ್ಯ. ಕೆಲಸಕ್ಕೆ ಬರಲ್ಲ."

"ಹಾಗಾದರೆ ಇನ್ನೂ ಹಗ್ಗ ಹಿಡಿ."

ಪ್ರತಿ ದನಕ್ಕೂ ಕೆಲಸ ಶುರುಮಾಡುವ ಮುಂಚೆ, ಮುಗಿದ ಮೇಲೆ, ಅಯ್ಯ ಆ ಮೊಂಡು ಹಲ್ಲಿನಿಂದ ಅದರ ಕೊರಳ ಕೆಳಗೆ ಜೋಲುವ ಗಂಗೆದೊಗಲು ತುರಿಸುತ್ತ ನಿಲ್ಲುತ್ತಿದ್ದ. ದನ ಕತ್ತು ನೀಡುತ್ತಿತ್ತು. ಕಣ್ಣು ಅರ್ಧ ಮುಚ್ಚುತ್ತಿತ್ತು. ಅಯ್ಯನ ಕಣ್ಣೂ ಮುಚ್ಚುತ್ತಿತ್ತು. ಹೊಂಗೆ ಹೂವು ಇಬ್ಬರ ಬೆನ್ನ ಮೇಲೂ ಉದುರುತ್ತಿತ್ತು.

ಜವರಯ್ಯ ಅದನ್ನು ನೋಡಿ, ಗುರುವಿಗೆ ವಯಸ್ಸಾಯಿತು ಅಂದುಕೊಳ್ಳುತ್ತಿದ್ದ. ಚಿಕ್ಕತಾಯಮ್ಮ ತೂತಿನಿಂದ ನೋಡಿ, ಮುದುಕ ನಿಂತಲ್ಲೇ ತೂಕಡಿಸುತ್ತಾನೆ ಅಂದುಕೊಳ್ಳುತ್ತಿದ್ದಳು. ಎಷ್ಟೋ ಸಲ ಅವಳಿಗೇ ಅಲ್ಲಿ ನಿದ್ದೆ ಹತ್ತಿ ಬೇಲಿ ಮುಳ್ಳು ಹಣೆಗೆ ತಾಗುತ್ತಿತ್ತು.

ಸುಮ್ಮನೆ ನೋಡಿಕೊಂಡು ಇರಬಹುದಾಗಿತ್ತು. ಆದರೆ ನೋಡಿದ್ದನ್ನೆಲ್ಲ ಒಳಗೇ ಇಟ್ಟುಕೊಂಡರೆ ಅವಳಿಗೆ ಹೊಟ್ಟೆ ಉಬ್ಬರ.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೆಂಗಸರನ್ನೆಲ್ಲ ಕರೆದು ದನಿ ತಗ್ಗಿಸಿದಳು.

"ಒಳಗೆ ಹೋಗೋವಾಗ ಹೋರಿ, ಹೊರಗೆ ಬರೋವಾಗ ಎತ್ತು. ಅದು ಬಿಡಿ, ದನದ ವಿಷಯ. ಆ ಶಿಷ್ಯನ್ನ ನೋಡಿದೀರಾ? ಬಂದ ಹೊಸದರಲ್ಲಿ ಹೇಗೆ ಕಣ್ಣು ಹಾಯಿಸ್ತಿದ್ದ! ಈಗ ಹೇಗೆ ತಲೆ ತಗ್ಗಿಸಿ ನೀರು ಹೊರ್ತಾನೆ! ಸುಮ್ಮಸುಮ್ಮನೆ ಯಾವ ಗಂಡಸು ಹಾಗಾಗ್ತಾನೆ? ಆ ಇಕ್ಕಳ ದನಕ್ಕೆ ಮಾತ್ರ ಅಂತ ನಿಮಗೆ ಯಾರು ಹೇಳಿದರು?"

"ಅಯ್ಯೋ ಶಿವನೆ! ನೀನು ಕಣ್ಣಾರೆ ಕಂಡೆಯಾ?"

"ಮಂಜಿತ್ತು, ಅಷ್ಟು ಸರಿಯಾಗಿ ಕಾಣಲಿಲ್ಲ. ಕೂಗು ಮಾತ್ರ ಕೇಳಿಸ್ತು. ಯಾರಿಗೂ ಹೇಳಬೇಡಿ ಮತ್ತೆ."

ಕೂಗಿದ್ದು ಹೋರಿ.

ಹಿಂಡಿದ ಬಟ್ಟೆ ಒಣಗುವುದರೊಳಗೆ ಮಾತು ಊರೆಲ್ಲ ಸುತ್ತಿತ್ತು. ಗಂಡಸರು ಆಶ್ರಮದ ಮುಂದೆ ಹಾದುಹೋಗುವಾಗ ಪಂಚೆ ಬಿಗಿ ಹಿಡಿದುಕೊಂಡು ಹೋಗತೊಡಗಿದರು. ಜವರಯ್ಯ ಕೊಡ ಹಿಡಿದು ಹೊಳೆಗೆ ಬಂದರೆ ಒಬ್ಬಳು ಕೇಳಿದಳು: "ಏನಪ್ಪಾ, ಬಹಳ ನೋವಾಯ್ತಾ?" ಮಿಕ್ಕವರು ಸೆರಗು ಬಾಯಿಗೆ ತುರುಕಿಕೊಂಡರು.

ಅವನು ಬರೀ ಕೊಡ ಹೊತ್ತು ಹಿಂತಿರುಗಿದ.

"ನೀರೆಲ್ಲಿ ಜವರ?"

"ನಕ್ಕರು ಅಯ್ಯ."

"ಹೊಳೆ ಬತ್ತಿತೇ?"

"ಇಲ್ಲ."

"ಮತ್ತೆ ನೀರೆಲ್ಲಿ?"

ಜವರಯ್ಯ ಕೊಡ ಕೆಳಗಿಟ್ಟ. ಅಯ್ಯ ತಾನೇ ಕೊಡ ತೆಗೆದುಕೊಂಡು ಹೊಳೆಗೆ ಹೋದ. ಇತ್ತ ಜವರಯ್ಯ ಮೂಲೆಯಲ್ಲಿದ್ದ ಸಾಣೆ ಚಕ್ರ ಎಳೆದು ಕೂತ. ಇಕ್ಕಳದ ಬಾಯಿ ಮಸೆದ, ಅಂಚು ಮಸೆದ, ಮೊನೆ ಮಸೆದ. ಕಿಡಿ ಹಾರಿತು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಮಸೆಯುವುದಕ್ಕೆ ಬೇರೇನೂ ಉಳಿದಿರಲಿಲ್ಲ. ಮೊಂಡು ಹಲ್ಲನ್ನೂ ಮಸೆದ.

ಇದೆಲ್ಲ ಚಿಕ್ಕತಾಯಮ್ಮ ನೋಡಲಿಲ್ಲ. ಅವಳ ಕಣ್ಣು ಆಗ ತನ್ನ ಕೊಟ್ಟಿಗೆಯ ಕಡೆಗಿತ್ತು.

ಅವಳ ಹಸು ಚುಕ್ಕಿ ಕುಂಟುತ್ತಿತ್ತು. ಮುಂಗಾಲಿನ ಗೊರಸು ಬೆಳೆದು, ಹಳೇ ಚಪ್ಪಲಿಯ ಮೂತಿಯ ಹಾಗೆ ಮೇಲಕ್ಕೆ ಸುರುಳಿ ಸುತ್ತಿತ್ತು. ಒಳಗೆ ಏನೋ ಹೊಕ್ಕು ಕೀವು ಕಟ್ಟಿತ್ತು. ಮುಟ್ಟಿದರೆ ಒದೆಯುತ್ತಿತ್ತು, ಔಷಧಿ ಹಚ್ಚಲು ಬಂದವನನ್ನು ತಿಪ್ಪೆಗೆ ಎಸೆದಿತ್ತು. ಮಾರನೆಯ ಬೆಳಗ್ಗೆ ಅದು ಏಳುವುದಕ್ಕೇ ಒದ್ದಾಡಿತು. ನಾಳೆ ಏಳದಿದ್ದರೆ ಮತ್ತೆ ಏಳುವುದಿಲ್ಲ ಎಂಬುದು ದನ ಸಾಕಿದವಳಿಗೆ ಗೊತ್ತು.

ಗಂಡ ಹೋದ ಮೇಲೆ ಅವಳ ಮಾತನ್ನು ಮಧ್ಯೆ ಬಾಯಿ ಹಾಕದೆ ಕೇಳಿದ್ದು ಚುಕ್ಕಿ ಒಂದೇ. ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸದೆ ಇದ್ದದ್ದೂ ಅದೊಂದೇ.

ಅವಳು ಮುಖ ಗಟ್ಟಿ ಮಾಡಿಕೊಂಡು ಹಸುವನ್ನು ಎಳೆದುಕೊಂಡು ಹೊರಟಳು. ಬೇಲಿ ಸುತ್ತುವುದಕ್ಕೆ ಅವತ್ತು ಬಹಳ ಹೊತ್ತು ಹಿಡಿಯಿತು.

"ಬಾ ಚಿಕ್ಕತಾಯಿ," ಅಂದ ಅಯ್ಯ. "ಸುತ್ತಿಕೊಂಡು ಬಂದೆಯಾ? ತೂತಿನಲ್ಲಿ ಹಸು ಹಿಡಿಸಲಿಲ್ಲ ಅನ್ನು."

"ಹೋಗಿ ಅಯ್ಯ, ನಿಮಗೆ ಯಾವಾಗಲೂ ತಮಾಷೆ. ನನ್ನ ಚುಕ್ಕೀನ ಉಳಿಸಿಕೊಡಿ."

ಜವರಯ್ಯ ಅವಳ ಮುಖ ನೋಡದೆ ಹಗ್ಗ ಹಿಡಿದ.

ಅಯ್ಯ ಎಣ್ಣೆಬಟ್ಟೆ ಬಿಚ್ಚಿದ. ಹಸುವಿನ ಕಿವಿಯಲ್ಲಿ ಏನೋ ಗುನುಗಿದ. ಕಣ್ಣು ಅರ್ಧ ಮುಚ್ಚಿ, ಯಾವತ್ತಿನ ಹಾಗೆ, ಹಿಡಿಯ ತುದಿಯ ಹಲ್ಲನ್ನು ಗಂಗೆದೊಗಲಿನ ಮೇಲೆ ಎಳೆದ.

ಬಿಳಿ ತೊಗಲಿನ ಮೇಲೆ ಕೆಂಪು ಗೆರೆ ಮೂಡಿತು.

ಚುಕ್ಕಿ ಹಗ್ಗ ಕಿತ್ತುಕೊಂಡಿತು. ಕುಂಟುಗಾಲು ಅನ್ನುವುದನ್ನೂ ಮರೆತು ದಡ ಇಳಿದು, ನಡುಹೊಳೆಗೆ ಹೋಗಿ ನಿಂತಿತು. ಹೊಟ್ಟೆಯವರೆಗೆ ನೀರು, ಸುತ್ತ ಮಂಜು. ಹೊಳೆ ಅದನ್ನು ಅರ್ಧ ನುಂಗಿ, ಮಿಕ್ಕರ್ಧದ ಬಗ್ಗೆ ಯೋಚಿಸುತ್ತಿರುವ ಹಾಗೆ ಕಾಣುತ್ತಿತ್ತು.

"ಬಾರೇ ಚುಕ್ಕಿ! ಬಾರೇ ನನ್ನವ್ವ!"

ಹಸು ಕಿವಿಯನ್ನೂ ಆಡಿಸಲಿಲ್ಲ.

ಅಯ್ಯ ಹಲ್ಲಿನ ಮೇಲೆ ಬೆರಳಿಟ್ಟು ನೋಡಿದ.

"ಯಾವಾಗ ಮಸೆದೆ ಜವರ?"

ಜವರಯ್ಯ ಕಾಲಿಗೆ ಬಿದ್ದ. "ನಿನ್ನೆ, ಅವರು ನಕ್ಕ ಮೇಲೆ, ಅಯ್ಯ."

"ಏನಂತ ನಕ್ಕರು?"

ಶಿಷ್ಯ ತಲೆಯೆತ್ತಿ ಒಂದು ಸಲ ಚಿಕ್ಕತಾಯಮ್ಮನ ಕಡೆ ನೋಡಿದ. ಅವಳು ಹೊಳೆಯ ಕಡೆ ನೋಡಿದಳು. ಹೊಳೆಯಲ್ಲಿ ಹಸು ಇವಳನ್ನೇ ನೋಡುತ್ತಿತ್ತು.

"ನೆನಪಿಲ್ಲ ಅಯ್ಯ," ಅಂದ ಜವರಯ್ಯ.

ಚಿಕ್ಕತಾಯಮ್ಮ ದಡದ ಮೇಲೆ ಕುಕ್ಕರಿಸಿದಳು.

ಅಯ್ಯ ಬಾಗಿ ಒಂದು ನುಣುಪು ಹೊಳೆಗಲ್ಲು ಆರಿಸಿ, ಇಕ್ಕಳದ ಜೊತೆ ಶಿಷ್ಯನ ಕೈಗಿಟ್ಟ.

"ಮೊಂಡು ಮಾಡು."

"ಜನ್ಮದಲ್ಲಿ ಹರಿತ ಮಾಡಿದ್ದೇ ಹೊರತು ಮೊಂಡು ಮಾಡಿದವನಲ್ಲ ನಾನು. ನನಗೆ ಬರಲ್ಲ ಅಯ್ಯ."

"ಅದಕ್ಕೇ ಅಲ್ಲವೇ ನೀನಿಲ್ಲಿಗೆ ಬಂದದ್ದು."

"ಎಷ್ಟು ಮೊಂಡಾಗಬೇಕು ಅಂತ ಹೇಗೆ ತಿಳಿಯೋದು?"

"ನಿನ್ನ ಗಂಟಲಿನ ಮೇಲೆ ಎಳೆದು ನೋಡು."

ಜವರಯ್ಯ ನೀರಂಚಿನಲ್ಲಿ ಕೂತು ಉಜ್ಜತೊಡಗಿದ. ಗಂಟಲಿಗೆ ಎಳೆದ. ಗೀರಿತು. ಮತ್ತೆ ಉಜ್ಜಿದ.

ಕಲ್ಲಿನ ಸದ್ದು ಹೊಳೆಯ ಸದ್ದಿನೊಳಗೆ ಸೇರಿಹೋಯಿತು. ಬಿಸಿಲು ಮಂಜಿನೊಳಗೆ ಹಾಲಿನ ಹಾಗೆ ಹರಡಿತು. ಹಸು ತನ್ನ ನೆರಳಿನ ಮೇಲೆ ನಿಂತಿತ್ತೋ, ನೆರಳೇ ಹಸುವನ್ನು ಹೊತ್ತಿತ್ತೋ. ಚಿಕ್ಕತಾಯಮ್ಮ ದಡದಲ್ಲಿ ಕೂತು ಎರಡನ್ನೂ ನೋಡಿದಳು. ಇಷ್ಟು ಹೊತ್ತು ಒಂದೂ ಮಾತಾಡದೆ ಅವಳು ಕೂತದ್ದು ಯಾವಾಗ? ಹಸೆಮಣೆಯ ಮೇಲೂ ಮಾತಾಡಿದ್ದವಳು. ಮಾತಿಲ್ಲದ ಆ ಹೊತ್ತಿನಲ್ಲಿ ಅವಳಿಗೆ ತನ್ನದೇ ದನಿ ದೂರದಿಂದ ಕೇಳಿಸಿತು, ಒಗೆಯುವ ಕಲ್ಲಿನ ಕಡೆಯಿಂದ, ಬೇರೆ ಯಾರದೋ ಎಂಬಂತೆ. ಕೆಟ್ಟ ದನಿ ಅನ್ನಿಸಿತು.

ಜವರಯ್ಯ ಗಂಟಲಿಗೆ ಎಳೆದ. ಗೀರಲಿಲ್ಲ. ಅವನ ಕಣ್ಣು ತಾನಾಗಿ ಅರ್ಧ ಮುಚ್ಚಿತು.

"ಓ," ಅಂದ, ಅಷ್ಟೇ.

ಅಯ್ಯ ಹೊಂಗೆಯ ಬುಡಕ್ಕೆ ಒರಗಿ ಕೂತಿದ್ದ. ಏಳಲಿಲ್ಲ.

ಜವರಯ್ಯ ನೀರಿಗಿಳಿದ. ಚುಕ್ಕಿ ಹಿಂದೆ ಸರಿಯಿತು. ಅವನು ನಿಂತ. ಅದು ನಿಂತಿತು. ಅದಕ್ಕೆ ಕಾಣುವ ಹಾಗೆ ಹಲ್ಲನ್ನು ತನ್ನ ಗಂಟಲಿಗೇ ಎಳೆದುಕೊಂಡ. ಆಮೇಲೆ, ಗಾಯವನ್ನು ಬಿಟ್ಟು, ಹಸುವಿನ ಕಿವಿಯ ಬುಡಕ್ಕೆ.

ಚುಕ್ಕಿ ನಡುಗಿತು. ಹೋಗಲಿಲ್ಲ.

ಅವನು ತುರಿಸಿದ. ಕಿವಿಯಿಂದ ಕತ್ತಿಗೆ, ಕತ್ತಿನಿಂದ ಗಂಗೆದೊಗಲಿಗೆ. ಮರದ ನೆರಳು ಸರಿದು ನೀರಿಗೆ ಬಂತು. ಹಸು ಕತ್ತು ನೀಡಿ, ಗದ್ದವನ್ನು ಅವನ ಹೆಗಲ ಮೇಲಿಟ್ಟಿತು. ಸಾಣೆ ಚಕ್ರ ಇರುತ್ತಿದ್ದ ಹೆಗಲು.

ಅವನು ಹಗ್ಗ ಹಿಡಿಯಲಿಲ್ಲ. ದಡಕ್ಕೆ ನಡೆದ. ಹಸು ಹಿಂದೆ ಬಂತು.

ಹೊಳೆಯಲ್ಲಿ ನೆನೆದು ಗೊರಸು ಮೆತ್ತಗಾಗಿತ್ತು. ಜವರಯ್ಯ ಕಾಲೆತ್ತಿ ಮೊಣಕಾಲಿನ ಮೇಲಿಟ್ಟುಕೊಂಡ. ಸುರುಳಿ ಸುತ್ತಿದ್ದನ್ನು ಕತ್ತರಿಸಿದ, ಸಂದಿನಿಂದ ಒಂದು ಚೂಪುಗಲ್ಲು ಎಳೆದ, ಕೀವು ಹರಿಸಿದ, ಅರಿಶಿನ ಒತ್ತಿದ. ಚುಕ್ಕಿ ಒದೆಯಲಿಲ್ಲ. ಕಾಲನ್ನು ಕೆಳಗಿಟ್ಟಿತು. ಎತ್ತಿತು. ಮತ್ತೆ ಇಟ್ಟು, ಭಾರ ಬಿಟ್ಟು ನಿಂತಿತು.

ಚಿಕ್ಕತಾಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಜವರಯ್ಯ ಹಸುವಿನ ಕತ್ತನ್ನು ಇನ್ನೊಂದಷ್ಟು ತುರಿಸಿ, ಇಕ್ಕಳ ತೊಳೆದು, ಎರಡೂ ಕೈಯಲ್ಲಿ ಗುರುವಿಗೆ ಚಾಚಿದ.

"ನನಗೆ ಯಾಕೆ ಕೊಡ್ತೀಯ?" ಅಂದ ಅಯ್ಯ. "ಎಣ್ಣೆಬಟ್ಟೆ ಅಲ್ಲಿದೆ, ಸುತ್ತಿಟ್ಟುಕೊ."

ಅವನು ಇಕ್ಕಳವನ್ನು ಎದೆಗೊತ್ತಿಕೊಂಡು ಗುಡಿಸಲೊಳಗೆ ಹೋದ. ಹೋಗುವಾಗ ಅಳುತ್ತಿದ್ದನೋ ನಗುತ್ತಿದ್ದನೋ, ಹಿಂದಿನಿಂದ ತಿಳಿಯಲಿಲ್ಲ.

ಹೊಂಗೆಯಡಿ ಉಳಿದವರು ಅಯ್ಯ, ಚಿಕ್ಕತಾಯಮ್ಮ, ಹಸು.

ಹಸು ಬದುಕಿಕೊಂಡದ್ದೇ ತಡ, ಚಿಕ್ಕತಾಯಮ್ಮನ ನಾಲಿಗೆ ಸಡಿಲವಾಯಿತು. ತಪ್ಪಾಯಿತು ಎನ್ನಬೇಕು ಎಂದೇ ಬಾಯಿ ತೆರೆದಳು, ಸತ್ಯವಾಗಿ. ಆದರೆ ಬಾಯಿಗೆ ಅದರದೇ ದಾರಿ. ಅವಳು ಆಚೀಚೆ ನೋಡಿದಳು, ಅಯ್ಯನ ಹತ್ತಿರ ಸರಿದಳು, ದನಿ ತಗ್ಗಿಸಿದಳು.

"ಅಯ್ಯ, ಯಾರಿಗೂ ಹೇಳಬೇಡಿ. ನಿಮ್ಮ ಶಿಷ್ಯನ ಮೇಲೆ ಆ ಮಾತು ಹುಟ್ಟಿಸಿದ್ದು ಯಾರು ಗೊತ್ತಾ? ಆ ಮೇಲ್ಕೇರಿಯ ದೊಡ್ಡಕೆಂಪಿ. ಅವಳ ವಿಷಯ ಹೇಳ್ತೀನಿ ಕೇಳಿ, ಅವಳ ಗಂಡ..."

ಅಯ್ಯ ಚುಕ್ಕಿಯ ಗಂಗೆದೊಗಲನ್ನು ಬೆರಳಿನಿಂದ ತುರಿಸುತ್ತಿದ್ದ. ಕೈ ನಿಲ್ಲಿಸಲಿಲ್ಲ. ಕಣ್ಣು ಪೂರ್ತಿ ತೆರೆದು ಅವಳ ಮುಖ ನೋಡಿದ.

"ಒಂದು ಹಲ್ಲನ್ನಾದರೂ ಮಸೆಯದೆ ಇಟ್ಟುಕೊ, ಚಿಕ್ಕತಾಯಿ."