ಕುದುರೆಗಳ ಜೊತೆ ಮೂರು ರಾತ್ರಿ ಕಳೆದ ಗುಂಡೇರಾಯ

ಕಾಡಿನ ಅಂಚಿನಲ್ಲೊಂದು ಕೆರೆ. ಕೆರೆಯ ಆಚೆ ದಡದಲ್ಲಿ ಕುದುರೆಗಳ ಹಿಂಡು, ಈಚೆ ದಡದಲ್ಲಿ ಕುರಿಗಳ ಹಿಂಡು. ಮೇಯುವ ಹುಲ್ಲು ಒಂದೇ, ಕುಡಿಯುವ ನೀರು ಒಂದೇ, ಕಾಡಿನೊಳಗಿದ್ದ ತೋಳವೂ ಒಂದೇ. ಆದರೂ ಮಕ್ಕಳೇ, ಆ ತೋಳ ಎಂಟು ದಿನಕ್ಕೊಮ್ಮೆ ಕುರಿಮರಿಯನ್ನು ಹೊತ್ತೊಯ್ಯುತ್ತಿತ್ತೇ ಹೊರತು ಒಂದು ಕುದುರೆಮರಿಯನ್ನೂ ಮುಟ್ಟುತ್ತಿರಲಿಲ್ಲ.

"ರಾತ್ರಿ ಹೊತ್ತು ಆ ಕುದುರೆಗಳು ಏನೋ ಮಾಡುತ್ತವೆ," ಎಂದಳು ಸಣ್ಣೀರವ್ವ ಎಂಬ ಕುರಿ. ಅವಳ ಎರಡು ಮರಿಗಳನ್ನು ತೋಳ ಒಯ್ದಿತ್ತು. ಉಳಿದವಳು ಚಿಟ್ಟಿ ಒಬ್ಬಳೇ. "ಯಾರಾದರೂ ಹೋಗಿ, ಮೂರು ರಾತ್ರಿ ಅವರ ಜೊತೆ ಬಯಲಲ್ಲಿ ಇದ್ದು ನೋಡಿ ಬರಬೇಕು."

"ಯಾರಾದರೂ ಯಾಕೆ? ನಾನಿಲ್ಲವೇ?" ಎಂದ ಗುಂಡೇರಾಯ.

ಗುಂಡೇರಾಯ ಆ ಹಿಂಡಿನ ಟಗರು. ಕೊಂಬು ಎರಡು ಸುತ್ತು, ಮಾತು ನಾಲ್ಕು ಸುತ್ತು. "ನನಗೆ ಗೊತ್ತಿಲ್ಲ" ಎನ್ನಲು ಮಾತ್ರ ಅವನಿಗೆ ಬಾಯಿ ಬರುತ್ತಿರಲಿಲ್ಲ.

ಕುದುರೆಗಳಲ್ಲಿ ಹಿರಿಯಳು ಬೂದವ್ವ. "ಬಾರಪ್ಪ, ಇರು. ನಮ್ಮದೇನೂ ಗುಟ್ಟಿಲ್ಲ. ಆದರೆ ರಾತ್ರಿಯೆಲ್ಲ ಎಚ್ಚರವಾಗಿದ್ದು ನೋಡಬೇಕು," ಎಂದಳು.

"ಎಚ್ಚರವೇ? ಅಜ್ಜಿ, ನಾನು ಕಣ್ಣು ಮುಚ್ಚುವುದೇ ಹಬ್ಬಕ್ಕೊಮ್ಮೆ!"

ಹೊತ್ತು ಮುಳುಗಿತು. ಕುದುರೆಗಳು ನಿಂತಲ್ಲೇ ತಲೆ ತಗ್ಗಿಸಿ ತೂಕಡಿಸತೊಡಗಿದವು. 'ಓಹೋ, ಇವರು ನಿಂತೇ ನಿದ್ದೆ ಮಾಡುತ್ತಾರೆ!' ಎಂದುಕೊಂಡ ಗುಂಡೇರಾಯ. ಹುಲ್ಲು ಮೆತ್ತಗಿತ್ತು. ಗಾಳಿ ತಣ್ಣಗಿತ್ತು. 'ಒಂದೇ ಒಂದು ಗಳಿಗೆ ಮಂಡಿ ಊರುತ್ತೇನೆ' ಎಂದುಕೊಂಡ. ಕಣ್ಣು ಬಿಟ್ಟಾಗ ಬಿಸಿಲು ಮೂಗಿನ ಮೇಲಿತ್ತು.

ಎರಡನೆಯ ರಾತ್ರಿಯೂ ಹಾಗೇ ಆಯಿತು. ಮೂರನೆಯ ರಾತ್ರಿ, ನಿದ್ದೆ ಬಂದರೆ ಚುಚ್ಚಲಿ ಎಂದು ಮುಳ್ಳಿನ ಪೊದೆಗೆ ಅಂಟಿಕೊಂಡು ನಿಂತ. ಮುಳ್ಳಿಗೇ ಒರಗಿ ಗೊರಕೆ ಹೊಡೆದ. ಹುಟ್ಟಿದ ಮೇಲೆ ಅಂಥ ಸೊಗಸಾದ ನಿದ್ದೆಯನ್ನು ಅವನು ಕಂಡಿರಲಿಲ್ಲ.

"ಏನು ನೋಡಿದೆಯಪ್ಪ?" ಎಂದು ಬೆಳಿಗ್ಗೆ ಬೂದವ್ವ ಕೇಳಿದಳು.

"ನೋಡಬೇಕಾದ್ದೆಲ್ಲ ನೋಡಿದೆ ಅಜ್ಜಿ."

ಬೂದವ್ವ ಅವನ ಉಣ್ಣೆಗೆ ಅಂಟಿದ್ದ ಮುಳ್ಳುಗಳನ್ನು ನೋಡಿ ಏನೋ ಹೇಳಲು ಹೊರಟಳು. ಅವನು ಆಗಲೇ ಅರ್ಧ ಕೆರೆ ಸುತ್ತಿದ್ದ.

ಈಚೆ ದಡದಲ್ಲಿ ಎಲ್ಲರೂ ಸುತ್ತ ಸೇರಿದರು. "ವಿಷಯ ಇಷ್ಟೇ," ಎಂದ ಗುಂಡೇರಾಯ. "ಕುದುರೆಗಳು ಮಲಗುವುದೇ ಇಲ್ಲ, ನಿಂತೇ ನಿದ್ದೆ ಮಾಡುತ್ತವೆ. ಎಲ್ಲರೂ ಎದ್ದಿದ್ದಾರೆ ಎಂದು ತೋಳ ಹೆದರುತ್ತದೆ."

"ಮೂರು ರಾತ್ರಿಯೂ ನೀನು ಎಚ್ಚರವಾಗಿದ್ದೆಯಾ ಗುಂಡಣ್ಣ?" ಎಂದು ಸಣ್ಣೀರವ್ವ ಕೇಳಿದಳು.

"ರೆಪ್ಪೆ ಬಡಿದಿದ್ದರೆ ಕೇಳು!"

ಅಂದು ರಾತ್ರಿ ಕುರಿಗಳೆಲ್ಲ ಸಾಲಾಗಿ ನಿಂತವು. ಮೊದಲು ಮುದಿ ಕುರಿ ಪುಟ್ಟತಾಯಿ ವಾಲಿದಳು. ಅವಳು ಪಕ್ಕದವಳ ಮೇಲೆ, ಪಕ್ಕದವಳು ಆಚೆಯವಳ ಮೇಲೆ ಬಿದ್ದು, ಇಡೀ ಸಾಲೇ ಮಲಗಿತು.

"ಯಾರೇ ಅದು ನನ್ನ ಮೇಲೆ?"

"ನನ್ನನ್ನೇನು ಕೇಳುತ್ತೀ? ನನ್ನ ಮೇಲೆ ಬಿದ್ದವಳನ್ನು ಕೇಳು!"

ಎದ್ದರು, ಬಿದ್ದರು, ಮತ್ತೆ ಎದ್ದರು. ಎರಡು ರಾತ್ರಿ ಹೀಗೇ ಕಳೆದು, ಮೂರನೆಯ ರಾತ್ರಿ ಎಲ್ಲರೂ ಬಿದ್ದಲ್ಲೇ ಮೈಮರೆತು ನಿದ್ದೆ ಹೋದರು. ಗುಂಡೇರಾಯನೊಬ್ಬ ಮಾತ್ರ ಮರ್ಯಾದೆಗಾಗಿ ನಿಂತೇ ಇದ್ದ. ನಿದ್ದೆ ಅವನಿಗೂ ಹತ್ತಿತ್ತು.

ಆಗ ತೋಳ ಬಂತು. ಗುಂಡೇರಾಯನ ಪಕ್ಕದಲ್ಲೇ ನುಸುಳಿ ಚಿಟ್ಟಿಯ ಬಾಲಕ್ಕೆ ಬಾಯಿ ಹಾಕಿತು. "ಅಮ್ಮಾ!" ಎಂದು ಚಿಟ್ಟಿ ಕಿರುಚಿದಳು. ಅದೇ ಹೊತ್ತಿಗೆ ಗುಂಡೇರಾಯನ ಕಾಲು ಸೋತು, ಅವನು ದೊಪ್ಪನೆ ತೋಳದ ಬೆನ್ನ ಮೇಲೆ ಬಿದ್ದ. ಬೆನ್ನು ಮುರಿಯಿತೆಂದೇ ತಿಳಿದು ತೋಳ ಕುಂಯ್ಯೆನ್ನುತ್ತ ಓಡಿಹೋಯಿತು. ಚಿಟ್ಟಿಯ ಬಾಲದ ತುದಿ ಅದರ ಬಾಯಲ್ಲೇ ಹೋಯಿತು.

"ಭಲೇ ಗುಂಡೇರಾಯ! ತೋಳದ ಮೇಲೇ ಹಾರಿದನಲ್ಲ!" ಎಂದು ಹಿಂಡೆಲ್ಲ ಕೂಗಿತು.

'ಹೌದು' ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಚಿಟ್ಟಿ ನಡುಗುತ್ತ ಹತ್ತಿರ ಬಂದಳು. "ಮಾವ, ನಾಳೆ ಬಂದರೂ ಹೀಗೇ ಹಾರುತ್ತೀಯಲ್ಲ?"

ಗುಂಡೇರಾಯ ತಲೆ ತಗ್ಗಿಸಿದ.

"ನಾನು ಹಾರಲಿಲ್ಲ ಮಗಾ. ನಿದ್ದೆಗಣ್ಣಲ್ಲಿ ಬಿದ್ದೆ. ಕುದುರೆಗಳ ಹತ್ತಿರವೂ ನಿದ್ದೆಯನ್ನೇ ಮಾಡಿದ್ದು. ಅವರು ರಾತ್ರಿ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ."

"ನಿದ್ದೆ ಮಾಡುವುದಕ್ಕೆ ಕೆರೆ ಸುತ್ತಿ ಹೋಗಬೇಕಿತ್ತೇ? ಇಲ್ಲಿ ಜಾಗ ಇರಲಿಲ್ಲವೇ?" ಎಂದು ಸಣ್ಣೀರವ್ವ ಬೈದಳು. ಬೆಳಕು ಹರಿಯುತ್ತಲೇ ಅವನನ್ನು ಹಿಂದಿನಿಂದ ಗುದ್ದಿಕೊಂಡು ಬೂದವ್ವನ ಬಳಿಗೆ ಕರೆದೊಯ್ದಳು.

ಬೂದವ್ವ ನಕ್ಕಳು. "ನಿಂತು ತೂಕಡಿಸಲು ನಮ್ಮ ಮಂಡಿಗೆ ಚಿಲಕ ಇದ್ದಂತಿದೆ, ನಿಮಗಿಲ್ಲ. ಚೆನ್ನಾಗಿ ನಿದ್ದೆ ಮಾಡಬೇಕೆಂದರೆ ನಾವೂ ಮಲಗಲೇಬೇಕು. ಆದರೆ ಎಲ್ಲರೂ ಒಟ್ಟಿಗೆ ಮಲಗುವುದಿಲ್ಲ. ಒಬ್ಬರು ಕಾಯುತ್ತೇವೆ. ಕಣ್ಣು ಎಳೆದಾಗ ಇನ್ನೊಬ್ಬರನ್ನು ಮೂತಿಯಿಂದ ತಿವಿದು ಎಬ್ಬಿಸುತ್ತೇವೆ. ಮೂರು ರಾತ್ರಿ ನೀನು ಅಷ್ಟು ನಿಶ್ಚಿಂತೆಯಾಗಿ ಗೊರಕೆ ಹೊಡೆದದ್ದು ಹೇಗೆ ಅಂದುಕೊಂಡೆ? ನಿನ್ನ ತಲೆಯ ಹತ್ತಿರ ನಾನು ನಿಂತಿದ್ದೆ."

"ನನ್ನನ್ನು ಎಬ್ಬಿಸಬಾರದಿತ್ತೇ ಅಜ್ಜಿ?"

"ಹಬ್ಬ ಬಂದಿರಬೇಕು, ಮಲಗಲಿ ಅಂದುಕೊಂಡೆ."

ಆ ರಾತ್ರಿ ಕುರಿಗಳೆಲ್ಲ ನೆಲದ ಮೇಲೆ ಮಲಗಿದವು. ಮೊದಲ ಕಾವಲು ಗುಂಡೇರಾಯನದು. ಪೊದೆಯೊಳಗೆ ಎರಡು ಕಣ್ಣು ಮಿನುಗಿದ್ದೇ ತಡ, ಅವನು ಕೆರೆ ಅದುರುವಂತೆ ಅರಚಿದ. ಹಿಂಡೆಲ್ಲ ಎದ್ದು ತಲೆ ತಗ್ಗಿಸಿ ಗುದ್ದಲು ನಿಂತಿತು. ತೋಳ ಬಂದ ದಾರಿಯಲ್ಲೇ ತಿರುಗಿತು.

ಎಲ್ಲರೂ ಮತ್ತೆ ಮಲಗಿದರು. ಸ್ವಲ್ಪ ಹೊತ್ತಿಗೆ ಗುಂಡೇರಾಯನ ತಲೆ ತೂಗತೊಡಗಿತು. ಅವನು ಸಣ್ಣೀರವ್ವನ ಬಳಿ ಹೋಗಿ ಮೂತಿಯಿಂದ ತಿವಿದ.

"ತಂಗೀ, ನನಗೆ ನಿದ್ದೆ ಬರುತ್ತಿದೆ. ಇನ್ನು ನನ್ನ ಕೈಲಾಗದು. ನೀನು ಏಳು."

ಸಣ್ಣೀರವ್ವ ಎದ್ದು ನಿಂತಳು. ಗುಂಡೇರಾಯ ಚಿಟ್ಟಿಯ ಪಕ್ಕದಲ್ಲಿ ಮಲಗಿದ.

ನೀತಿ: ನೋಡದ್ದನ್ನು ನೋಡಿದೆ ಎನ್ನುವವನನ್ನು ನಂಬಿದವರೆಲ್ಲ ಬೀಳುತ್ತಾರೆ, ತನ್ನಿಂದ ಆಗದ್ದನ್ನು ಒಪ್ಪಿಕೊಳ್ಳುವವನನ್ನು ನಂಬಿ ನಿಶ್ಚಿಂತೆಯಾಗಿ ಮಲಗಬಹುದು.